ಗಟ್ಟಿ ದನಿಯ ಪ್ರಾರ್ಥನೆ

ಹೋದ ತಿಂಗಳು ತಿರುಮಕೂಡಲು ನರಸೀಪುರದ ಹೊಸ ಪ್ರಾರ್ಥನಾ ಮಂದಿರದಲ್ಲಿ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಈ ಕೂಟ ಮೊದಲು ಸೇರಿದ್ದು ನನ್ನ ಬಾಡಿಗೆ ಮನೆಯ ನಡುಮನೆಯಲ್ಲಿ, ಅದೂ ಮೂರೇ ಜನರಿಂದ ಎಂದು ಕಾರ್ಯದರ್ಶಿಯಾದ ತರುಣ ಮೇಷ್ಟ್ರು ಸಭೆಗೆ ವಿವರಿಸಿದರು. ಆಮೇಲೆ ಹೆಮ್ಮಿಗೆಯ ಸಹೋದರಿಯೊಬ್ಬಳ ಕತೆ ಹೇಳಿದರು. ಆಕೆಗಾಗಿ ಅಯ್ಯನವರು ಹೆಸರೆತ್ತಿ ಪ್ರಾರ್ಥಿಸಿದರಂತೆ, ಕೆಲವೇ ತಿಂಗಳಲ್ಲಿ ಆಕೆ ಮನೆ ಬಿಟ್ಟು ಬಂದು ದೀಕ್ಷಾಸ್ನಾನ ಪಡೆದಳಂತೆ. ಜನ ನನ್ನ ಕಡೆ ತಿರುಗಿ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಹೆಗಲ ಮೇಲೆ ಹಾರವಿತ್ತು. ಅದನ್ನೇ ಸರಿಮಾಡಿಕೊಂಡೆ.

ಊಟಕ್ಕೆ ಕುಳಿತಾಗ ಎಲೆಯ ತುದಿಗೆ ಹುಚ್ಚೆಳ್ಳಿನ ಪುಡಿ ಬಡಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಕಲಸಿದ ಅನ್ನವನ್ನು ಎಲೆಯ ಮೇಲೆಯೇ ಬಿಟ್ಟೆ. ಹೆಮ್ಮಿಗೆಯ ಪುಟ್ಟನಂಜಮ್ಮ ಸಂತೆಗೆ ಬಂದಾಗಲೆಲ್ಲ ನನ್ನ ಹೆಂಡತಿಗೆಂದು ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದದ್ದು ಅದನ್ನೇ. ಮೂವತ್ತು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಮಂದಿರದಲ್ಲಿ ಎದ್ದು ನಿಂತು ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಗ ನಾನು ಸರ್ಕಾರದ ದೇವಿ ಹಾಕುವ ಕೆಲಸದಲ್ಲಿದ್ದೆ. ಸಿಡುಬು ಬಾರದಿರಲೆಂದು ಊರೂರು ತಿರುಗಿ ಮಕ್ಕಳ ತೋಳು ಗೀರಿ ಮದ್ದು ಹಚ್ಚುವ ಕೆಲಸ. ಕ್ರೈಸ್ತನಾದವನು ಹಳ್ಳಿಹಳ್ಳಿಗೆ ಹೋಗಿ ದೇವಿ ಹಾಕುತ್ತಾನೆಂದು ನಂಜನಗೂಡಿನ ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ನಂಜನಗೂಡಿನಲ್ಲಿ ನಮ್ಮವರದೊಂದು ಸಣ್ಣ ಸಭೆಯಿತ್ತು, ಅದಕ್ಕೊಬ್ಬ ಹಳೆಯ ಉಪದೇಶಿ ಇದ್ದರು. ನನಗೆ ಪ್ರಾರ್ಥನೆ ಮಾಡುವುದನ್ನು ಕಲಿಸಿದವರು ಅವರೇ. ಸುತ್ತ ಕುಳಿತವರೆಲ್ಲ ಕಣ್ಣು ಮುಚ್ಚಬೇಕು, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸಬೇಕು, ಯಾರಿಗೆ ಏನು ಕಷ್ಟವಿದೆಯೋ ಅವರ ಹೆಸರು ಹಿಡಿದು ಕೇಳಬೇಕು. "ಹೆಸರಿಲ್ಲದ ಪ್ರಾರ್ಥನೆ ವಿಳಾಸವಿಲ್ಲದ ಕಾಗದ ಕಣಪ್ಪ, ಎಲ್ಲಿಗೂ ಮುಟ್ಟೋದಿಲ್ಲ" ಎನ್ನುತ್ತಿದ್ದರು. ನನ್ನ ದನಿ ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದು ನನಗೂ ಚೆನ್ನಾಗಿ ಗೊತ್ತಿತ್ತು.

ಆಷಾಢದಲ್ಲಿ ನರಸೀಪುರಕ್ಕೆ ವರ್ಗವಾಯಿತು. ಜಡಿಮಳೆಯಲ್ಲಿ ಗಾಡಿಯ ಕಮಾನಿನೊಳಗೆ ಪಾತ್ರೆಪಡಗದ ನಡುವೆ ಮುದುರಿ ಕುಳಿತು ನಾನೂ ನನ್ನ ಹೆಂಡತಿ ಕರುಣಮ್ಮನೂ ಬಂದಿಳಿದೆವು. ಕಪಿಲೆ ಕಾವೇರಿ ಎರಡೂ ಕೆಂಪಗೆ ತುಂಬಿ ಹರಿಯುತ್ತಿದ್ದವು. ಊರಿನಲ್ಲಿ ನಮ್ಮವರೆಂದರೆ ಅಬ್ರಹಾಮಪ್ಪ ಎಂಬ ಮುದುಕ ದರ್ಜಿ ಒಬ್ಬರೇ. ಹೊರಡುವ ಮುಂಚೆ ಮೈಸೂರಿನ ಹಿರಿಯ ಬೋಧಕರು ನನ್ನನ್ನು ಕರೆದು, ಅಲ್ಲಿ ಸಭೆಯಿಲ್ಲ, ನಿಮ್ಮ ಮನೆಯಲ್ಲೇ ಒಂದು ಕೂಟ ಆರಂಭಿಸಿ, ಚಳಿಗಾಲದಲ್ಲಿ ಬಂದು ನೋಡುತ್ತೇನೆ ಎಂದಿದ್ದರು. ಆ ಮಾತು ನನ್ನ ತಲೆಗೆ ಹೇಗೆ ಏರಿತೆಂದರೆ, ಸಾಮಾನು ಬಿಚ್ಚುವ ಮೊದಲೇ ನಡುಮನೆಯಲ್ಲಿ ಎಷ್ಟು ಚಾಪೆ ಹಿಡಿಯಬಹುದೆಂದು ಅಳೆದು ನೋಡಿದೆ.

ಮನೆ ಸಂತೆ ಮಾಳದ ಅಂಚಿನಲ್ಲಿತ್ತು. ಕೂಟ ಸಂತೆಯ ದಿನ ಮಧ್ಯಾಹ್ನವೇ ಇರಲಿ ಎಂದದ್ದು ಕರುಣಮ್ಮ. ಹಳ್ಳಿಯ ಹೆಂಗಸರು ಮನೆಯವರಿಗೆ ಲೆಕ್ಕ ಒಪ್ಪಿಸದೆ ಊರು ಬಿಟ್ಟು ಬರಬಹುದಾದ ದಿನ ಅದೊಂದೇ ಎಂಬುದು ಅವಳಿಗೆ ಹೊಳೆದಿತ್ತು. ನನಗೆ ಹೊಳೆದದ್ದು ಬೇರೆ. ಬೀದಿಯ ಕಡೆ ಕಿಟಕಿ ತೆರೆದಿಟ್ಟರೆ ನನ್ನ ದನಿ ಸಂತೆಯ ಅರ್ಧಕ್ಕೆ ಕೇಳುತ್ತಿತ್ತು. ನೆರಳಿಗೆಂದು ನಮ್ಮ ಜಗಲಿಯ ಮೇಲೆ ಕೂರುವವರು ಬೇಕಾದಷ್ಟು ಜನ. "ಕಿಟ್ಕಿ ಒಂದಿಷ್ಟು ಮುಚ್ಚಿ ಅಂದ್ರೆ, ಒಳಗೆ ಬಂದವ್ರು ಮುಜುಗರ ಪಡ್ತಾರೆ" ಎಂದು ಕರುಣಮ್ಮ ಹೇಳುತ್ತಲೇ ಇದ್ದಳು. ದೀಪ ಹಚ್ಚಿ ಕೊಳಗದ ಕೆಳಗೆ ಇಡುತ್ತಾರೆಯೇ ಎಂದು ನಾನು ಬೈಬಲಿನ ವಾಕ್ಯದಿಂದಲೇ ಅವಳ ಬಾಯಿ ಮುಚ್ಚಿಸಿದೆ. ಮೊದಲ ದಿನ ಸೇರಿದವರು ನಾವಿಬ್ಬರು ಮತ್ತು ಅಬ್ರಹಾಮಪ್ಪ. ಅವರು ಅಂಗಿಗೆ ಗುಂಡಿ ಹೊಲಿಯುತ್ತಲೇ ಕೇಳಿದರು, ನಡುವೆ ಒಂದು ಸಲ ತೂಕಡಿಸಿದರು.

ಪುಟ್ಟನಂಜಮ್ಮ ಬಂದದ್ದು ದಸರೆ ಕಳೆದ ಮೇಲೆ. ಹೆಮ್ಮಿಗೆಯ ದೊಡ್ಡ ಗೌಡರ ಮನೆಯ ಸೊಸೆ, ವಿಧವೆ. ಮೊದಲ ಮಗು ಸಿಡುಬಿನಲ್ಲಿ ಹೋಗಿತ್ತು. ಉಳಿದವಳು ಹತ್ತು ತುಂಬದ ಸಾಕಮ್ಮ, ಸಾಕಿ. ಮಗಳಿಗೆ ಇನ್ನೊಂದು ಸಲ ದೇವಿ ಹಾಕಿಸಬಹುದೇ ಎಂದು ಕೇಳಲು ನನ್ನನ್ನು ಹುಡುಕಿಕೊಂಡು ಬಂದವಳು, ಒಳಗೆ ವಾಕ್ಯ ಓದುತ್ತಿದ್ದುದನ್ನು ಕೇಳಿ ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕುಳಿತಳು. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಹುಡುಕಿಕೊಂಡು ಕುರುಬ ಹೊರಟ ಸಾಮತಿಯ ಕತೆಯನ್ನು ನಾನು ಕಣ್ಣಲ್ಲಿ ನೀರು ಬರುವಂತೆ ವಿವರಿಸುತ್ತಿದ್ದೆ. ಮುಗಿದ ಮೇಲೆ ಅವಳು ಕೇಳಿದಳು:

"ಅಲ್ಲ ಸಾಮಿ, ಮಿಕ್ಕಿದ್ ತೊಂಬತ್ತೊಂಬತ್ತ ಯಾರ್ ಕಾಯ್ತಿದ್ರು? ತ್ವಾಳ ಬರಾಕಿಲ್ವಾ?"

ಅಬ್ರಹಾಮಪ್ಪ ಸೂಜಿ ಕೆಳಗಿಟ್ಟು ನಕ್ಕುಬಿಟ್ಟರು. ನಾನು ಪುಸ್ತಕ ಮುಚ್ಚಿ ಪ್ರಾರ್ಥನೆಗೆ ಕರೆದೆ. ಅವಳು ಮುಂದಿನ ಸಂತೆಗೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಮೊದಮೊದಲು ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಒಂದು ದಿನ ತಾನಾಗಿ ಕರುಣಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ಗಟಗಟನೆ ಕುಡಿದಳು. ಸಾಕಿಯನ್ನೂ ಎರಡು ಸಲ ಕರೆತಂದಳು. ಆ ಹುಡುಗಿ ಕರುಣಮ್ಮನ ಪಕ್ಕ ಕುಳಿತು ಮರಳಿನ ಮೇಲೆ ಅ ಆ ತಿದ್ದಿತು. ಒಂದೇ ಮಧ್ಯಾಹ್ನದಲ್ಲಿ ಎಂಟು ಅಕ್ಷರ ಹಿಡಿದುಕೊಂಡು, ಸಾಲದೆಂಬಂತೆ ಇನ್ನೊಂದು ಬರೆದುಕೊಡಿ ಎಂದು ಹಟ ಮಾಡಿತು.

ರಾಗಿ ಕೊಯ್ಲು ಮುಗಿದು ಕಣ ಸಾರಿಸುವ ಹೊತ್ತಿಗೆ ಪುಟ್ಟನಂಜಮ್ಮ ಒಂದು ದಿನ ಬೇಗನೆ ಬಂದಳು. ಅಡಿಗೆಮನೆಯಲ್ಲಿ ನಾನೂ ಕರುಣಮ್ಮನೂ ಇಬ್ಬರೇ ಇದ್ದಾಗ ವಿಷಯ ಎತ್ತಿದಳು. ಅವಳ ಭಾವ ಸಿದ್ದೇಗೌಡರು ಸಾಕಿಯನ್ನು ಚಿಕ್ಕಯ್ಯನಛತ್ರದಲ್ಲಿದ್ದ ತಮ್ಮ ತಂಗಿಯ ಮಗನಿಗೆ ಕೊಡುವ ಮಾತಾಡುತ್ತಿದ್ದರು. ಹುಡುಗನಿಗೆ ಇಪ್ಪತ್ತೈದು ದಾಟಿತ್ತು, ಮೊದಲ ಹೆಂಡತಿ ಸತ್ತಿದ್ದಳು. ಪುಟ್ಟನಂಜಮ್ಮ ಇನ್ನೊಂದು ದಾರಿ ಯೋಚಿಸಿಟ್ಟಿದ್ದಳು. ಸಂಕ್ರಾಂತಿ ಕಳೆದ ಮೇಲೆ ತವರಿಗೆ ಹೋಗುವುದು ವಾಡಿಕೆ, ಯಾರೂ ತಡೆಯುವುದಿಲ್ಲ. ಬಿಳಿಗೆರೆಯಲ್ಲಿ ಅಣ್ಣನಿದ್ದಾನೆ. ಅವನು ತಾಯಿಮಗಳನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ ರೈಲು ಹತ್ತಿಸಲು ಒಪ್ಪಿದ್ದಾನೆ. ಮೈಸೂರಿನಲ್ಲಿ ನಮ್ಮವರ ಹೆಣ್ಣುಮಕ್ಕಳ ಶಾಲೆಗೆ ಮಗಳನ್ನು ಸೇರಿಸಿ ತಾನು ಅಲ್ಲೇ ಅಡಿಗೆ ಕೆಲಸಕ್ಕೆ ನಿಲ್ಲುವುದು. ಶಾಲೆಯವರಿಗೆ ಒಂದು ಕಾಗದ ಬರೆದುಕೊಟ್ಟರೆ ಸಾಕು ಎಂದಳು.

"ಈ ಮಾತು ಈ ಒಲೆ ದಾಟ್ಬಾರ್ದು ಸಾಮಿ. ನಮ್ ಭಾವಾರಿಗೆ ತಿಳುದ್ರೆ ಮಗೀನ ನನ್ ಕಣ್ಣಿಗೂ ಬೀಳಿಸ್ದಂಗೆ ಸಾಗಾಕ್ಬುಡ್ತಾರೆ. ಅವ್ಳೊಬ್ಳೇ ನನ್ಗಿರಾದು."

"ಪ್ರಾಣ ಹೋದರೂ ಹೇಳೋದಿಲ್ಲ" ಎಂದೆ. ಅಷ್ಟು ದೊಡ್ಡ ಮಾತನ್ನು ಅವಳು ಕೇಳಿರಲಿಲ್ಲ. ಹೂಂ ಎಂದಿದ್ದರೂ ಸಾಕಿತ್ತು.

ಧನುರ್ಮಾಸದ ಚಳಿಯಲ್ಲಿ, ಸಂಕ್ರಾಂತಿಗೆ ಎರಡು ವಾರವಿದೆ ಎನ್ನುವಾಗ, ಹಿರಿಯ ಬೋಧಕರು ಹೇಳಿದಂತೆಯೇ ಸಂತೆಯ ದಿನ ಬಂದರು. ನಡುಮನೆಯಲ್ಲಿ ಅಂದು ಏಳು ಜನ. ಹೊಸಬರಲ್ಲಿ ಇಬ್ಬರು ಅಬ್ರಹಾಮಪ್ಪನವರ ಗಿರಾಕಿಗಳು, ಹೊಲಿಗೆ ಮುಗಿಯುವ ತನಕ ಕಾಯಲು ಬಂದವರು. ಇದು ಬೋಧಕರಿಗೆ ತಿಳಿಯದಂತೆ ನೋಡಿಕೊಂಡೆ. ಊಟಕ್ಕೆ ಮುಂಚೆ ಅವರು, "ಆರು ತಿಂಗಳಾಯಿತಲ್ಲ, ಏನಾದರೂ ಫಲ ಕಂಡಿತೇ?" ಎಂದು ಕೇಳಿದ್ದರು. ಕರುಣಮ್ಮ ಎದುರಿಗೇ ಇದ್ದುದರಿಂದ, ಕಾಣುತ್ತಿದೆ ಎಂದಷ್ಟೇ ಹೇಳಿ ನಾಲಗೆ ಕಚ್ಚಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಕುಟುಕುತ್ತಲೇ ಇತ್ತು. ಅವರು ಹೋದಲ್ಲೆಲ್ಲ ಜನ ನೂರು ಇನ್ನೂರು ಎಂದು ಹೇಳಿಕೊಳ್ಳುತ್ತಿರುವಾಗ ನನ್ನ ಬಳಿ ಇದ್ದದ್ದು ಒಬ್ಬ ತೂಕಡಿಸುವ ದರ್ಜಿ.

ಪ್ರಾರ್ಥನೆಯ ಸರದಿ ಸುತ್ತಿ ನನ್ನ ಬಳಿಗೆ ಬಂತು. ಪುಟ್ಟನಂಜಮ್ಮ ಎಂದಿನಂತೆ ಹಿತ್ತಿಲ ಬಾಗಿಲ ಬಳಿ ಸೆರಗು ಹೊದ್ದು ಕುಳಿತಿದ್ದಳು. ಜಗಲಿಯ ಮೇಲೆ ಗಾಡಿಯವರು ಬಿಸಿಲು ಕಾಯಿಸುತ್ತಿದ್ದರು. ಕಿಟಕಿ ತೆರೆದಿತ್ತು. ನಾನು ಕಣ್ಣು ಮುಚ್ಚಿದೆ. ರಾಜರಿಗಾಗಿ, ಬೆಳೆಗಾಗಿ, ಅಬ್ರಹಾಮಪ್ಪನವರ ಕಣ್ಣಿನ ಪೊರೆಗಾಗಿ ಪ್ರಾರ್ಥಿಸಿದೆ. ಬೋಧಕರು ಮೆಲ್ಲಗೆ "ಹೌದು ಕರ್ತನೇ" ಎನ್ನುವುದು ಕೇಳಿಸಿತು. ದನಿ ಏರಿತು. "ಹೆಮ್ಮಿಗೆಯ ನಮ್ಮ ಸಹೋದರಿ ಪುಟ್ಟನಂಜಮ್ಮನವರನ್ನೂ ಅವರ ಕೂಸು ಸಾಕಮ್ಮನನ್ನೂ ನೆನಪು ಮಾಡಿಕೋ, ಸಂಕ್ರಾಂತಿ ಕಳೆದು ಅವರು ಬಿಳಿಗೆರೆಯ ದಾರಿಯಾಗಿ ಹೊರಟು ಮೈಸೂರಿನ ನಿನ್ನ ಮಕ್ಕಳ ಬಳಿ ಸೇರುವಾಗ, ಯಾವ ಕೈಯೂ ಅವರನ್ನು ತಡೆಯದಿರಲಿ" ಎಂದೆ. ಕರುಣಮ್ಮ ನನ್ನ ಶಾಲಿನ ತುದಿ ಹಿಡಿದು ಜಗ್ಗಿದಳು. ನಾನು ಇನ್ನೂ ಗಟ್ಟಿಯಾಗಿ, ಅದನ್ನೇ ಇನ್ನೊಮ್ಮೆ ಹೇಳಿದೆ.

ಭಾವಾವೇಶದಲ್ಲಿ ಬಾಯಿತಪ್ಪಿ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಶಾಲು ಜಗ್ಗಿದಾಗ ಯಾಕೆ ಜಗ್ಗಿದಳೆಂದು ನನಗೆ ಗೊತ್ತಾಗಿತ್ತು. ಅಲ್ಲಿಗೆ ನಿಲ್ಲಿಸಿದರೆ ಬೋಧಕರ ಎದುರು ತೊದಲಿದಂತಾಗುತ್ತಿತ್ತು, ಅದಕ್ಕೇ ಮುಂದುವರಿಸಿದೆ. ಅಂದು ನಾನು ಬೇಡಿದ್ದು ದೇವರನ್ನಲ್ಲ, ನನ್ನ ಪಕ್ಕದಲ್ಲಿ ಕುಳಿತಿದ್ದ ದೊಡ್ಡ ಮನುಷ್ಯರನ್ನು.

ಕಣ್ಣು ಬಿಟ್ಟಾಗ ಪುಟ್ಟನಂಜಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದಳು. ಜಗಲಿ ಖಾಲಿಯಾಗಿತ್ತು. ಹೆಮ್ಮಿಗೆಯ ಬೆಲ್ಲದ ಗಾಡಿಯವನು ಅಲ್ಲಿದ್ದನೆಂದು ಆಮೇಲೆ ತಿಳಿಯಿತು.

"ಒತ್ತಾಯ್ತು, ಬತ್ತೀನಿ ಕನಕ್ಕ" ಎಂದು ಕರುಣಮ್ಮನಿಗೆ ಮಾತ್ರ ಹೇಳಿ ಬುಟ್ಟಿ ಎತ್ತಿಕೊಂಡು ಹೊರಟಳು. ಬೋಧಕರು ನನ್ನ ಬೆನ್ನು ತಟ್ಟಿ, ಜೀವವುಳ್ಳ ಪ್ರಾರ್ಥನೆ ಎಂದರು.

ಅವರನ್ನು ಗಾಡಿ ಹತ್ತಿಸಿ ಒಳಗೆ ಬಂದಾಗ ಕರುಣಮ್ಮ ನಡುಮನೆಯಲ್ಲೇ ನಿಂತಿದ್ದಳು. ಅವಳು ಅಷ್ಟು ಕೋಪ ಮಾಡಿಕೊಂಡದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಈಗ್ಲೇ ಒಂದು ಗಾಡಿ ಮಾಡ್ಕೊಂಡು ಬಿಳಿಗೆರೆಗೆ ಹೋಗಿ. ಅವರಣ್ಣನಿಗೆ ವಿಷಯ ತಿಳಿಸಿ. ಗೌಡ್ರು ಏನಾದ್ರೂ ಮಾಡೋಕೆ ಮುಂಚೆ ಅವ್ನೇ ಬಂದು ತಂಗೀನೂ ಮಗೂನೂ ಕರ್ಕೊಂಡು ಹೋಗ್ಲಿ."

"ದೇವರಿದ್ದಾನೆ" ಎಂದೆ ನಾನು.

"ದೇವರು ಇದ್ದಾನೆ. ನೀವೂ ಇದ್ದೀರಲ್ಲ" ಎಂದಳು.

ಹೋಗಲಿಲ್ಲ. ಬಿಳಿಗೆರೆ ಒಂದು ದಿನದ ಗಾಡಿಯ ದಾರಿ, ರಜ ಕೇಳಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣನ ಎದುರು ನಿಂತು ನಾನೇ ಬಾಯಿಬಿಟ್ಟೆ ಎಂದು ಹೇಳಬೇಕು. ಯಾರಿಗೂ ಕೇಳಿಸಿರಲಾರದು ಎಂದುಕೊಂಡೆ. ಮುಂದಿನ ಸಂತೆಗೆ ಬಂದರೆ ಸರಿ ಎಂದುಕೊಂಡೆ. ಮುಂದಿನ ಸಂತೆಗೆ ಅವಳು ಬರಲಿಲ್ಲ.

ಅದಾದ ಎರಡು ದಿನಕ್ಕೆ ದೇವಿ ಹಾಕುವ ಸುತ್ತಿನಲ್ಲಿ ಹೆಮ್ಮಿಗೆಯ ಸರದಿ ಬಂತು. ಮದ್ದಿನ ಪೆಟ್ಟಿಗೆ ಹಿಡಿದು ಹೋದೆ. ಸಿದ್ದೇಗೌಡರು ತಾವೇ ಎದ್ದು ಬಂದು ಜಗಲಿಯ ಮೇಲೆ ಕಂಬಳಿ ಹಾಸಿಸಿದರು, ಎಳನೀರು ಕೊಚ್ಚಿಸಿದರು. ಬೇರೆ ಊರುಗಳಲ್ಲಿ ನನ್ನನ್ನು ಕಂಡರೆ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ಇಲ್ಲಿ ಗೌಡರ ಒಂದು ಮಾತಿಗೆ ಊರಿನ ಮಕ್ಕಳೆಲ್ಲ ಸಾಲಾಗಿ ನಿಂತವು. ಒಂದೊಂದೇ ತೋಳು ಹಿಡಿದು ಗೀರುತ್ತ ನಾನು ಸಾಲಿನ ಕೊನೆಯವರೆಗೂ ಹುಡುಕಿದೆ. ಗೌಡರೇ ಹೇಳಿದರು:

"ನಮ್ಮಟ್ಟಿ ಎಣ್ಮಗೀದೊಂದು ತಪ್ಪೋಯ್ತು ಕಣ್ರೀ. ಅವ್ರತ್ತೆ ಅಟ್ಟಿಗೆ ಕಳ್ಸುಬುಟ್ಟೋ, ಚಿಕ್ಕಯ್ಯನಛತ್ರಕ್ಕೆ. ಮಾಗ ಮಾಸದಲ್ಲಿ ಲಗ್ನ." ಸ್ವಲ್ಪ ಹೊತ್ತು ಅಡಿಕೆ ಅಗಿದು, "ನೀವು ಬಾಳ ಚೆಂದಾಗಿ ಪ್ರಾರ್ಥ್ನೆ ಮಾಡುದ್ರಂತೆ. ನಮ್ಮೂರೋರು ಬಂದು ಯೋಳುದ್ರು. ಉಪ್ಕಾರ ಆಯ್ತು" ಎಂದರು.

ಬೈದಿದ್ದರೆ, ಮದ್ದಿನ ಪೆಟ್ಟಿಗೆ ಬೀದಿಗೆ ಎಸೆದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಪುಟ್ಟನಂಜಮ್ಮ ಒಳಗಿದ್ದಳೋ ಇಲ್ಲವೋ ಕೇಳಲು ಬಾಯಿ ಬರಲಿಲ್ಲ. ಎಳನೀರನ್ನು ಮಾತ್ರ ಪೂರ್ತಿ ಕುಡಿದೆ. ಮಾಘದಲ್ಲಿ ಮದುವೆ ಆಗಿಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಶಾಲೆಯಲ್ಲಿ ನೂರು ಸಲ ಬರೆದವನು ನಾನು.

ಬಿಸಿಲು ಚುರುಗುಟ್ಟಲು ಶುರುವಾದಾಗ ಪುಟ್ಟನಂಜಮ್ಮ ಬಂದಳು. ಹಿತ್ತಿಲ ಬಾಗಿಲಿನಿಂದಲ್ಲ, ಬೀದಿಯ ಬಾಗಿಲಿನಿಂದ, ಸಂತೆಯವರೆಲ್ಲ ನೋಡುತ್ತಿರುವಾಗಲೇ ಕೂಟದ ನಡುವೆ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಇನ್ನು ಹೆಮ್ಮಿಗೆಗೆ ಹೋಗುವುದಿಲ್ಲ ಎಂದಳು. ಕರುಣಮ್ಮ ಅವಳ ಕೈಹಿಡಿದು ಅತ್ತಳು. ನಾನು ಗಂಟಲು ಸರಿಮಾಡಿಕೊಂಡು, ಆ ಬೆಲ್ಲದ ಗಾಡಿಯವನು ಎಂಥ ಮನುಷ್ಯ, ಪ್ರಾರ್ಥನೆಗೆ ಕಿವಿಗೊಟ್ಟು ಚಾಡಿ ಹೇಳುವುದೆಂದರೇನು ಎಂದು ಮೊದಲುಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ದ್ಯಾವ್ರಿಗೆ ನನ್ನೆಸ್ರು ಗೊತ್ತಿರ್ನಿಲ್ವಾ ಸಾಮಿ? ಬಿಳಿಗೆರೆ ದಾರಿ ಗೊತ್ತಿರ್ನಿಲ್ವಾ? ಅಷ್ಟೊಂದ್ ಬುಡ್ಸಿ ಬುಡ್ಸಿ ಯಾರ್ಗೆ ಯೋಳುದ್ರಿ?"

ಕುರಿಗಳ ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗ ಅಬ್ರಹಾಮಪ್ಪನವರ ನಗೆಯಾದರೂ ಇತ್ತು. ಈ ಸಲ ಯಾರೂ ನಗಲಿಲ್ಲ. ತಪ್ಪಾಯಿತು ತಾಯಿ ಎಂಬ ಎರಡು ಮಾತು ನನ್ನ ಬಾಯಿಗೆ ಬಂದು ಹಲ್ಲಿನ ಹಿಂದೆಯೇ ನಿಂತವು. ಕೂಟದ ಮುಖಂಡ ನಾನು, ಎಲ್ಲರ ಎದುರು ಹೇಗೆ ಹೇಳಲಿ ಎಂದುಕೊಂಡೆ. ಪ್ರತ್ಯೇಕವಾಗಿ ಹೇಳಬಹುದಾದ ಸಮಯ ಆ ಮೇಲೆ ನೂರು ಸಲ ಸಿಕ್ಕಿತು, ಆಗಲೂ ಹೇಳಲಿಲ್ಲ.

ಅವಳು ನಮ್ಮ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಳು. ಊರಿನವರ ಭತ್ತ ಕುಟ್ಟಿ ಹೊಟ್ಟೆ ಹೊರೆದಳು. ಚೈತ್ರದಲ್ಲಿ ದೀಕ್ಷಾಸ್ನಾನ ಬೇಕೆಂದು ತಾನೇ ಕೇಳಿದಳು. ಹಾಗೆ ಮಾಡಿದರೆ ಚಿಕ್ಕಯ್ಯನಛತ್ರದವರು ಮಗಳ ಮುಖ ತೋರಿಸುವುದಿಲ್ಲ, ಯೋಚಿಸಿ ನೋಡು ಎಂದು ಕರುಣಮ್ಮ ಹೇಳಿದಾಗ, "ಈಗೇನು ತೋರಿಸ್ತಾವ್ರಾ ಅಕ್ಕ? ಒಂದ್ಸಲ ಓಗಿದ್ದೆ. ಕೊಟ್ಗೆತಾವಿಂದ್ಲೇ ಅಟ್ಬುಟ್ರು" ಎಂದಳು. ಕಪಿಲೆಯ ದಡದಲ್ಲಿ ನಂಜನಗೂಡಿನ ಉಪದೇಶಿ ಅವಳಿಗೆ ಸ್ನಾನ ಕೊಟ್ಟರು. ಹೆಮ್ಮಿಗೆಯ ಸಹೋದರಿಗಾಗಿ ಮಾಡಿದ ಪ್ರಾರ್ಥನೆಗೆ ಕರ್ತನು ಉತ್ತರಕೊಟ್ಟನೆಂದು ಹಿರಿಯ ಬೋಧಕರು ಎಲ್ಲ ಸಭೆಗಳಿಗೂ ಕಾಗದ ಬರೆದರು. ನಮಗೂ ಒಂದು ಬಂತು. ಕೂಟದಲ್ಲಿ ಅದನ್ನು ಓದಿದವನು ನಾನೇ. ಅವಳು ಎದುರಿಗೇ ಕುಳಿತಿದ್ದಳು, ನಾನು ಒಂದು ಸಾಲನ್ನೂ ಬಿಡದೆ ಓದಿದೆ. ಆ ಕಾಗದದಿಂದ ಕೂಟಕ್ಕೆ ಹೆಸರು ಬಂತು, ಜನ ಹೆಚ್ಚಿದರು.

ಅವಳು ಪ್ರತಿ ಕೂಟಕ್ಕೂ ಬಂದು ಕೂರುತ್ತಿದ್ದಳು, ಆದರೆ ಪ್ರಾರ್ಥನೆಯ ಸರದಿ ಅವಳ ಬಳಿಗೆ ಬಂದಾಗ ಬಾಯಿ ತೆರೆಯುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದವರು ಆರಂಭಿಸುತ್ತಿದ್ದರು. ಹಳ್ಳಿಯ ಹೆಂಗಸು, ಸಂಕೋಚ ಎಂದು ಹೊಸಬರು ಅಂದುಕೊಂಡರು. ನಾನು ಹಾಗೇ ಅಂದುಕೊಳ್ಳಲು ಬಿಟ್ಟೆ.

ಮುಂಗಾರು ಹಿಡಿಯುವ ಹೊತ್ತಿಗೆ ನನಗೆ ಶಿರಾ ಸೀಮೆಗೆ ವರ್ಗದ ಹುಕುಂ ಬಂತು. ನಮ್ಮ ಜೊತೆಗೆ ಬಾ ಎಂದು ಕರುಣಮ್ಮ ಅವಳನ್ನು ಎಷ್ಟೋ ಬೇಡಿಕೊಂಡಳು. ಅವಳು ಒಪ್ಪಲಿಲ್ಲ. "ಇಲ್ಗೆ ಛತ್ರದ್ ಕಡೆ ದನದ ಯಾಪಾರ್ದೋರು ಬತ್ತಾರೆ. ಯಾರಾರಾ ಮಗಿನ್ ಸುದ್ದಿ ತಂದಾರು" ಎಂದು ಅಬ್ರಹಾಮಪ್ಪನವರ ಮನೆಯ ಹಿತ್ತಿಲಲ್ಲಿ ಒಂದು ಮೂಲೆ ಕೇಳಿಕೊಂಡಳು. ಅಲ್ಲೇ ಹತ್ತು ಹನ್ನೆರಡು ವರ್ಷ ಬಾಳಿ ತೀರಿಕೊಂಡಳೆಂದು ಹೋದ ತಿಂಗಳು ಮಂದಿರದಲ್ಲಿ ಹಳಬರೊಬ್ಬರು ಹೇಳಿದರು. ಮಗಳು ಎಂದಾದರೂ ಬಂದಿದ್ದಳೇ ಎಂದು ಕೇಳಿದೆ. ಆಕೆಗೆ ಮಗಳಿದ್ದ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ.

ನಾವು ಶಿರಾಕ್ಕೆ ಹೊರಡುವ ದಿನ ಬೆಳಿಗ್ಗೆ ಪುಟ್ಟನಂಜಮ್ಮ ಹೊಳೆಯ ತನಕ ಕಳಿಸಿಕೊಡಲು ಬಂದಳು. ಸಾಮಾನು ಮೊದಲ ಹರಿಗೋಲಿನಲ್ಲಿ ಹೋಗಿತ್ತು, ಕರುಣಮ್ಮ ಎರಡನೆಯದರಲ್ಲಿ ಹತ್ತಿ ಕುಳಿತಿದ್ದಳು. ನಾನು ಚಪ್ಪಲಿ ಕೈಗೆ ತೆಗೆದುಕೊಂಡು ನೀರಿಗೆ ಇಳಿಯುವುದರಲ್ಲಿದ್ದೆ. ದೀಕ್ಷಾಸ್ನಾನವಾದ ಮೇಲೆ ಅವಳು ತಾನಾಗಿ ನನ್ನನ್ನು ಏನನ್ನೂ ಕೇಳಿರಲಿಲ್ಲ. ಅಂದು ಕೇಳಿದಳು.

"ಒಂದ್ಸಲ ನನ್ ಮಗಿನ್ ಸಲ್ವಾಗಿ ಬೇಡ್ಕೊಳ್ಳಿ ಸಾಮಿ. ಬಾಯಲ್ಬ್ಯಾಡ. ಮನಸ್ನಲ್ಲೇ ಮಾಡಿ."

ಮರಳಿನ ಮೇಲೆ ನಿಂತು ಕಣ್ಣು ಮುಚ್ಚಿದೆ. ಅಂಬಿಗ ಹುಟ್ಟು ಆನಿಸಿಕೊಂಡು ಕಾದ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ದನಿಯಿಲ್ಲದೆ ಪ್ರಾರ್ಥಿಸಿದ್ದಿಲ್ಲ. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. ಅವಳು ಅದನ್ನು ನೋಡಿದಳು.

"ಮಗಿನ್ ಎಸ್ರು ಯೋಳುದ್ರಾ?"

"ಹೇಳಿದೆನಮ್ಮ" ಎಂದೆ.

ಅವಳಿಗೆ ಸಮಾಧಾನವಾದದ್ದು ಮುಖದಲ್ಲೇ ಕಂಡಿತು. ಕೈಮುಗಿದು, ಓಗ್ಬುಟ್ಟು ಬನ್ನಿ ಎಂದಳು. ಹರಿಗೋಲು ನಡುಹೊಳೆಗೆ ಬರುವ ತನಕ ನಾನು ತಿರುಗಿ ನೋಡಲಿಲ್ಲ. ಅಷ್ಟು ಹೊತ್ತೂ ಕಣ್ಣು ಮುಚ್ಚಿ ನಾನು ಕೇಳಿಕೊಂಡದ್ದು ನನ್ನನ್ನು ಕ್ಷಮಿಸು, ನನ್ನನ್ನು ಕ್ಷಮಿಸು ಎಂದಷ್ಟೇ. ಸಾಕಿಯ ಹೆಸರು ನನಗೆ ನೆನಪೇ ಆಗಿರಲಿಲ್ಲ.